ಬೋರಯ್ಯ ಅಳಿಯನನ್ನು ವಿಚಾರಿಸಿದ್ದು

ಚಿನಕುರಳಿಯಲ್ಲಿ ಬೋರಯ್ಯ ಎಂದು ಕೂಗಿದರೆ ಮೂರು ಜನ ತಿರುಗಿ ನೋಡುತ್ತಾರೆ. ಸಿ.ಐ.ಡಿ. ಬೋರಯ್ಯ ಎಂದರೆ ಒಬ್ಬನೇ. ಪೊಲೀಸು ಇಲಾಖೆಗೂ ಅವನಿಗೂ ಯಾವ ಸಂಬಂಧವೂ ಇರಲಿಲ್ಲ. ನಾಲೆ ಬಯಲಿನಲ್ಲಿ ಭತ್ತ, ಕಬ್ಬು ಬೆಳೆದುಕೊಂಡು, ಎರಡು ಸೀಮೆಹಸು ಕಟ್ಟಿಕೊಂಡು, ಎರಡು ಹೊತ್ತು ಡೈರಿಗೆ ಹಾಲು ಹಾಕುತ್ತಿದ್ದ ಒಕ್ಕಲು ಮನುಷ್ಯ. ಆ ಹೆಸರು ಬಂದದ್ದು ಮದುವೆ ವಿಚಾರಣೆಯಿಂದ.

ನಮ್ಮ ಸೀಮೆಯಲ್ಲಿ ಹೆಣ್ಣು ಕೊಡುವವರು ಮಾತುಕತೆಗೆ ಮುಂಚೆ ಗಂಡಿನ ಊರಿಗೆ ಗುರುತಿಲ್ಲದ ಒಬ್ಬನನ್ನು ಕಳಿಸುತ್ತಾರೆ. ಅವನು ಹಸು ಕೊಳ್ಳಲು ಬಂದವನ ಹಾಗೋ ಬಸ್ಸು ತಪ್ಪಿದವನ ಹಾಗೋ ಟೀ ಅಂಗಡಿಯಲ್ಲಿ ಕೂತು, ಹುಡುಗ ಕುಡಿಯುತ್ತಾನಾ, ಇಸ್ಪೀಟಾಡುತ್ತಾನಾ, ಅಣ್ಣತಮ್ಮಂದಿರು ಒಂದೇ ಒಲೆಯಲ್ಲಿ ಉಣ್ಣುತ್ತಾರಾ ಎಂದು ತಿಳಿದುಕೊಂಡು ಬರಬೇಕು. ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಈ ಕೆಲಸಕ್ಕೆ ಬೋರಯ್ಯನಿಗೇ ಹೇಳಿಕಳಿಸುತ್ತಿದ್ದರು. ಅವನು ಹುಡುಗನ ಮನೆ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಕ್ಷೌರದಂಗಡಿ, ಡೈರಿ, ಇಸ್ತ್ರಿ ಅಂಗಡಿ ಸುತ್ತಿ, ತಮ್ಮತಮ್ಮಲ್ಲಿ ಮಾತು ಬಿಟ್ಟ ಇಬ್ಬರನ್ನು ಹುಡುಕುತ್ತಿದ್ದ. ಆ ಇಬ್ಬರೂ ಒಂದೇ ಮಾತು ಹೇಳಿದರೆ ಮಾತ್ರ ನಂಬಿಕೆ. ಮನೆಯ ಹೆಣ್ಣನ್ನು ಮಾತ್ರ ಎಂದೂ ಕೇಳುತ್ತಿರಲಿಲ್ಲ.

“ಎಣ್ಮಕ್ಳು ಗಂಡನ್ ಮನೆ ಗುಟ್ಟ ಸೆರಗಲ್ಲೇ ಗಂಟಾಕಂಡಿರ್ತವೆ. ಕೇಳುದ್ರೆ ನಗ್ತವೆ, ಅಷ್ಟೇಯ,” ಎನ್ನುತ್ತಿದ್ದ.

ಈ ಪಾಠ ಕಲಿಸಿದವಳು ಸ್ವಂತ ತಂಗಿ ಮಂಗಳಮ್ಮ. ಅವಳನ್ನು ನಾಗಮಂಗಲದ ಕಡೆ ಕೊಟ್ಟಾಗ ಮನೆಯ ಹಿರಿಯರು ಹುಡುಗನ ಮಡಿ ಪಂಚೆ ನೋಡಿಯೇ ಒಪ್ಪಿಬಿಟ್ಟಿದ್ದರು. ಆ ಮಹರಾಯನಿಗೆ ಬೆಳ್ಳೂರಿನ ಹತ್ತಿರ ಇನ್ನೊಂದು ಸಂಸಾರವಿತ್ತು. ಹಬ್ಬಕ್ಕೆ ತವರಿಗೆ ಬಂದಾಗಲೆಲ್ಲ ಮಂಗಳಮ್ಮ “ಚೆನ್ನಾಗಿವ್ನಿ ಕಣಣ್ಣ” ಎನ್ನುತ್ತಿದ್ದಳು. ಕೊನೆಗೊಂದು ಗೌರಿ ಹಬ್ಬದ ದಿನ ಟ್ರಂಕು ಹಿಡಿದುಕೊಂಡು ಒಬ್ಬಳೇ ಬಸ್ಸಿಳಿದಳು. ಮತ್ತೆ ಹೋಗಲಿಲ್ಲ. ಬೋರಯ್ಯನ ಹೆಂಡತಿ ತೀರಿಕೊಂಡ ಮೇಲೆ ಅವನ ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದ್ದೂ ಅವಳೇ. ತಂಗಿ ಬಸ್ಸಿಳಿದ ಆ ಗಳಿಗೆ ಬೋರಯ್ಯನ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಹಾಲು ಕುಡಿದು ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನಂತೆ. ಬೋರಯ್ಯ ನೀರನ್ನೂ ಊದುತ್ತಿದ್ದ.

ದೊಡ್ಡ ಮಗಳು ಪ್ರಮೀಳಾಳನ್ನು ಕೆ.ಆರ್. ಪೇಟೆ ಕಡೆಯ ಮಾಕವಳ್ಳಿಯ ಚಿಕ್ಕಸ್ವಾಮಿಗೆ ಕೊಡುವಾಗ ಬೋರಯ್ಯ ಆ ಊರಿಗೆ ಎಷ್ಟು ಸಲ ಹೋಗಿಬಂದನೋ ದೇವರಿಗೇ ಗೊತ್ತು. ಹುಡುಗನಿಗೆ ಸರ್ಕಾರದ ವೈರ್‌ಲೆಸ್ಸಿನ ಕೆಲಸ, ಎಲೆಅಡಿಕೆ ಕೂಡ ಹಾಕುವವನಲ್ಲ. ಮಾತು ಬಿಟ್ಟ ಇಬ್ಬರು ದಾಯಾದಿಗಳು ಒಂದೇ ಮಾತು ಹೇಳಿದರು. ಮದುವೆಯಾಯಿತು. ಆದರೆ ಆಮೇಲೆ ಚಿಕ್ಕಸ್ವಾಮಿಗೆ ದೆಹಲಿಯ ಯಾವುದೋ ಆಫೀಸಿಗೆ ವರ್ಗವಾಯಿತು. ಮಾಕವಳ್ಳಿಯ ಚಿಕ್ಕಸ್ವಾಮಿಯನ್ನು ಬೋರಯ್ಯ ಬಲ್ಲ. ದೆಹಲಿಯ ಚಿಕ್ಕಸ್ವಾಮಿಯನ್ನು ಬಲ್ಲವರು ಯಾರು?

ಅನುಮಾನಕ್ಕೆ ಕಾರಣ ಇರಲಿಲ್ಲ ಎನ್ನುವ ಹಾಗೂ ಇಲ್ಲ. ರಜಕ್ಕೆ ಬಂದಾಗ “ಏನ್ ಕೆಲ್ಸ ಅಳಿಯಂದ್ರೆ?” ಎಂದರೆ “ಕಾಗ್ದ ಪತ್ರ ನೋಡ್ಕತೀನಿ ಮಾವ” ಎನ್ನುತ್ತಿದ್ದ. ಮಾವನ ಹತ್ತಿರ ಫಾರಿನ್ ಇಲಾಖೆ ಎಂದವನು ಕ್ಷೌರದಂಗಡಿಯಲ್ಲಿ ಡಿಫೆನ್ಸು ಎಂದಿದ್ದ. ಯಾರ ಮನೆಗೆ ಹೋದರೂ ಬಾಗಿಲಿಗೆ ಮುಖ ಮಾಡಿಯೇ ಕೂರುತ್ತಿದ್ದ. ನೆಟ್ಟಗಿರುವ ಮನುಷ್ಯ ತನ್ನ ಆಫೀಸಿನ ಹೆಸರು ಹೇಳಲು ಯಾಕೆ ತಡವರಿಸಬೇಕು? ಬೋರಯ್ಯನ ಬುದ್ಧಿಗೆ ಬಚ್ಚಿಡುವವರೆಲ್ಲ ಬಚ್ಚಿಡುವುದು ಒಂದನ್ನೇ: ಎರಡನೆಯ ಸಂಸಾರ.

ತೊಂಬತ್ತೈದನೇ ಇಸವಿಯ ಬೇಸಿಗೆಯಲ್ಲಿ ಪ್ರಮೀಳಾ ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿಗೆ ಫೋನು ಮಾಡಿ ಅಪ್ಪನನ್ನು ಕರೆಸಿದಳು.

“ಅಪ್ಪ, ಇವ್ರಿಗೆ ಒರದೇಸಕ್ಕೆ ಆಗೋ ಅಂಗದೆ. ಮೂರು ವರ್ಸ. ನಾನೂ ಮಗೂನೂ ಓಗ್ಬೌದಂತೆ.”

“ಯಾವ್ ದೇಸ ಕಣವ್ವ?”

“ಅದ ಏಳ್ನಿಲ್ಲ. ಚಳಿ ದೇಸ, ಸ್ವೆಟರು ತಕ್ಕೊ ಅಂದವ್ರೆ.”

ಮಗಳ ದನಿಯಲ್ಲಿ ಹಿಗ್ಗಿತ್ತು. ಬೋರಯ್ಯನಿಗೆ ಅದು ಕೇಳಿಸಲೇ ಇಲ್ಲ. ಕಟ್ಟಿಕೊಂಡ ಹೆಂಡತಿಗೆ ದೇಶದ ಹೆಸರು ಹೇಳದ ಗಂಡ! ನಾಗಮಂಗಲದಿಂದ ಬಸ್ಸಿತ್ತು, ತಂಗಿ ಹತ್ತಿಕೊಂಡು ಬಂದಳು. ಸಮುದ್ರದ ಆಚೆಯಿಂದ ಮಗಳು ಯಾವ ಬಸ್ಸು ಹತ್ತುತ್ತಾಳೆ? ಅವಳು ವಿಮಾನ ಹತ್ತುವ ಮುಂಚೆ ನಿಜ ತಿಳಿಯಲೇಬೇಕು ಎಂದು ತೀರ್ಮಾನ ಮಾಡಿಕೊಂಡೇ ಬೂತಿನಿಂದ ಹೊರಗೆ ಬಂದ.

ಮನೆಗೆ ಬಂದು ಹೇಳಿದಾಗ ಮಂಗಳಮ್ಮ ರಾಗಿ ಕೇರುತ್ತಿದ್ದಳು. ಮೊರ ಕೆಳಗಿಟ್ಟು ಅಣ್ಣನ ಮುಖ ನೋಡಿದಳು.

“ಅವ್ಳು ನಗ್ತಾ ಏಳುದ್ಲಾ?”

“ನೀನೂ ನಗ್ತಾನೇ ಏಳ್ತಿದ್ದೆ.”

“ಗಾಯ ನಂದು ಕಣಣ್ಣ. ಪಟ್ಟಿ ಅವ್ಳಿಗ್ ಕಟ್ಬ್ಯಾಡ,” ಎಂದು ಮತ್ತೆ ಮೊರ ಎತ್ತಿಕೊಂಡಳು. ಬೋರಯ್ಯ ಆ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ.

ಊರಿನ ಮುದ್ದಯ್ಯ ದೆಹಲಿಯ ಒಂದು ಹೋಟೆಲಿನಲ್ಲಿ ದೋಸೆ ಹುಯ್ಯುವ ಕೆಲಸಕ್ಕಿದ್ದ. ರಜಕ್ಕೆ ಬಂದವನನ್ನು ಬೋರಯ್ಯ ನಾಲೆ ಏರಿಗೆ ಕರೆದುಕೊಂಡು ಹೋಗಿ ತನ್ನ ವಿದ್ಯೆಯನ್ನೆಲ್ಲ ಧಾರೆಯೆರೆದ. ಮನೆಗೆ ಹೋಗಬೇಡ, ಪ್ರಮೀಳಾಳ ಕಣ್ಣಿಗೆ ಬೀಳಬೇಡ. ಹಾಲು ಕೊಡುವವನನ್ನು, ಬಟ್ಟೆ ಇಸ್ತ್ರಿ ಮಾಡುವವನನ್ನು ಕೇಳು. ಯಾರಾದರೂ ನೀನು ಯಾರು ಎಂದರೆ ಸುಳ್ಳು ಹೇಳು, ಆದರೆ ದಿನಾ ಒಂದೇ ಸುಳ್ಳು ಹೇಳು. ಮುದ್ದಯ್ಯ ಶ್ರದ್ಧೆಯಿಂದ ತಲೆಯಾಡಿಸಿದ. ಅವನಿಗೂ ದೆಹಲಿಯಲ್ಲಿ ದೋಸೆ ಬಿಟ್ಟರೆ ಬೇರೆ ಮೋಜಿರಲಿಲ್ಲ.

ಒಂದು ಭಾನುವಾರ ಬೂತಿಗೆ ಅವನ ಫೋನು ಬಂತು.

“ಬೋರಣ್ಣ, ಅಳಿಮಯ್ಯ ಒಂದೊಂದ್ಸಲ ರಾತ್ರಿಯೆಲ್ಲ ಮನೆಗ್ ಬರಾಕಿಲ್ವಂತೆ. ಇಸ್ತ್ರಿಯೋನೂ ಅಂಗೇ ಅಂದ, ಹಾಲ್ನೋನೂ ಅಂಗೇ ಅಂದ. ಅವ್ರಿಬ್ರಿಗೂ ಮಾತಿಲ್ಲ.”

ಬೋರಯ್ಯ ಫೋನನ್ನು ಕಿವಿಗೆ ಒತ್ತಿಕೊಂಡ. “ಆಪೀಸ್ ತಾವ ಓಗಿದ್ಯೇನ್ಲಾ?”

“ಓಗಿದ್ದೆ. ಗೇಟ್ ಮುಂದೆ ಒಂದ್ ಬೋರ್ಡೂ ಇಲ್ಲ ಕಣಣ್ಣ. ಎದ್ರುಗಡೆ ಟೀ ಅಂಗ್ಡಿಯೋನ್ನ ಕೇಳ್ದೆ. ಚಿಕ್ಕಸ್ವಾಮಿ ಎಷ್ಟೊತ್ಗೆ ಬತ್ತಾರೆ, ಜೊತೇಲ್ ಯಾರ್ ಬತ್ತಾರೆ ಅಂತ. ‘ನೀನ್ಯಾರು’ ಅಂದ.”

“ನೀನೇನಂದೆ?”

“ನೀ ಏಳ್ಕೊಟ್ಟಂಗೇಯ. ಅವ್ರಿಗೆ ಮನೆ ಬಾಡ್ಗೆಗ್ ಕೊಡೋನು ಅಂದೆ. ದಿನಾ ಅದೇ ಅಂತೀನಿ.”

“ಭೇಷ್ ಕಣ್ಲಾ ಮುದ್ದ,” ಎಂದ ಬೋರಯ್ಯ. ಬೋರ್ಡಿಲ್ಲದ ಆಫೀಸು, ರಾತ್ರಿ ಮನೆಗೆ ಬಾರದ ಗಂಡ. ಅವನ ಲೆಕ್ಕದಲ್ಲಿ ಇನ್ನು ಉಳಿದದ್ದು ಆ ಹೆಂಗಸಿನ ಹೆಸರು ಮಾತ್ರ. ಅದನ್ನೂ ಪತ್ತೆ ಮಾಡು ಎಂದು ಹೇಳಿ ಫೋನಿಟ್ಟ.

ಇದಾಗಿ ಒಂದು ತಿಂಗಳೂ ಆಗಿರಲಿಲ್ಲ. ಬೆಳಗಿನ ಹಾಲು ಹಾಕಿ ಬೋರಯ್ಯ ಡೈರಿಯ ಜಗುಲಿಯಲ್ಲಿ ಕೂತಿದ್ದಾಗ ಪಾಂಡವಪುರದ ಬಸ್ಸಿನಿಂದ ಒಬ್ಬ ಇಳಿದ. ಗರಿಗರಿ ಇಸ್ತ್ರಿ ಅಂಗಿ, ಕಂಕುಳಲ್ಲಿ ಬ್ಯಾಗು, ಕಾಲಿಗೆ ಮಾತ್ರ ಸವೆದ ಚಪ್ಪಲಿ. ಆಚೀಚೆ ನೋಡದೆ ಟೀ ಅಂಗಡಿಗೆ ಹೋದ. ಆಮೇಲೆ ಗಡ್ಡವಿಲ್ಲದಿದ್ದರೂ ಕ್ಷೌರದಂಗಡಿಗೆ ಹೋದ. ಅಲ್ಲಿಂದ ಇಸ್ತ್ರಿ ಅಂಗಡಿ. ಬೋರಯ್ಯನಿಗೆ ನಗು ಬಂತು. ತನ್ನ ದಾರಿಯನ್ನೇ ಹಿಡಿದು ಬರುತ್ತಿದ್ದಾನಲ್ಲ ಬಡ್ಡಿಮಗ!

ಎರಡನೆಯ ಮಗಳು ಪವಿತ್ರಳಿಗೆ ಮೈಸೂರಿನ ಕಡೆಯ ಒಂದು ಸಂಬಂಧದ ಮಾತು ಗಾಳಿಯಲ್ಲಿತ್ತು. ಬಂದವನು ಗಂಡಿನ ಕಡೆಯ ವಿಚಾರಣೆಯವನು ಎನ್ನುವುದರಲ್ಲಿ ಬೋರಯ್ಯನಿಗೆ ಎಳ್ಳಷ್ಟೂ ಸಂಶಯ ಬರಲಿಲ್ಲ. ಜಗತ್ತಿನಲ್ಲಿ ಯಾರನ್ನೂ ನಂಬದವನು ಅವತ್ತು ತನ್ನ ಊಹೆಯನ್ನು ನಂಬಿದ. ಅಪರಿಚಿತ ಡೈರಿಗೆ ಬಂದು ಪಕ್ಕದಲ್ಲೇ ಕೂತಾಗ ಇವನು ತಾನು ಯಾರೆಂದು ಹೇಳಲಿಲ್ಲ. ನೂರು ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಮನೆಯವನೇ ಮೂರನೆಯವನಾಗಿ ತನ್ನ ಮನೆಯನ್ನು ಹೊಗಳುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ.

“ಇಲ್ಲಿ ಬೋರಯ್ಯನವರು ಅಂತ ಇದ್ದಾರಂತಲ್ಲ, ಅಳಿಯ ದೆಹಲಿಯಲ್ಲಿರೋರು. ಹೇಗೆ ಜನ?” ಎಂದು ಬಂದವನು ಕೇಳಿದ. ಮೈಸೂರಿನ ಕಡೆಯ ಮೆತ್ತನೆಯ ಮಾತು.

“ಬೋರಯ್ಯನೋರಾ? ಅವ್ರ ಸಂಬಂಧ ಸಿಕ್ಬೇಕಂದ್ರೆ ಪುಣ್ಯ ಮಾಡಿರ್ಬೇಕು ಬುಡಿ. ಅವ್ರ ಕಣ್ ತಪ್ಸಿ ಒಂದ್ ನೊಣ ಆರಾಕಿಲ್ಲ. ದೆಲ್ಲಿ ಗಂಟ ಜನ ಮಡಗವ್ರೆ.”

“ದೆಹಲಿಯಲ್ಲಾ?”

“ಊಂ ಮತ್ತೆ. ಅಳಿಯ ಎಷ್ಟೊತ್ಗೆ ಆಪೀಸ್ಗೋದ, ಎಷ್ಟೊತ್ಗೆ ಬಂದ, ಎಲ್ಲ ಇಲ್ಲೇ ಕೂತು ತಿಳ್ಕತಾರೆ.”

“ಅಬ್ಬಾ. ಯಾರು ತಿಳಿಸ್ತಾರೆ ಅವರಿಗೆ?”

“ಅದ ಏಳಾಕಾದದಾ? ಅವ್ರ ಜನ ಅವ್ರಿಗೆ.” ಬೋರಯ್ಯ ಮೀಸೆಯಲ್ಲೇ ನಕ್ಕ.

“ಅಳಿಯ ಹೊರದೇಶಕ್ಕೆ ಹೋಗ್ತಾರೆ ಅಂತ ಸುದ್ದಿ.”

“ಓಗ್ಲಿ ಬುಡಿ ಸ್ವಾಮಿ. ಬೋರಯ್ಯ ಅಲ್ಲೂ ಜನ ಮಡಗ್ತಾರೆ!”

ಬಂದವನು ಜೋರಾಗಿ ನಕ್ಕ. ಬೋರಯ್ಯ ತರಿಸಿಕೊಟ್ಟ ಮಜ್ಜಿಗೆ ಕುಡಿದ, ಲೋಟ ಕೆಳಗಿಟ್ಟ, ಬ್ಯಾಗು ಕಂಕುಳಿಗೇರಿಸಿಕೊಂಡು ಎದ್ದು ನಿಂತು, “ಬರ್ತೀನಿ ಬೋರಯ್ಯನವರೇ,” ಎಂದು ಕೈಮುಗಿದು ಬಸ್ಸಿನ ಕಡೆ ನಡೆದ.

ತಾನು ಹೆಸರು ಹೇಳಿರಲೇ ಇಲ್ಲವಲ್ಲ ಎಂದು ಬೋರಯ್ಯ ಅವನ ಬೆನ್ನನ್ನೇ ನೋಡಿದ. ಆದರೆ ಅದೂ ಸ್ವಲ್ಪ ಹೊತ್ತು. ಪರವಾಗಿಲ್ಲ, ಮೈಸೂರಿನವರು ಒಳ್ಳೆ ಪಳಗಿದ ಆಸಾಮಿಯನ್ನೇ ಕಳಿಸಿದ್ದಾರೆ ಎಂದುಕೊಂಡು ಮನೆಗೆ ಹೋಗಿ ಪವಿತ್ರಳಿಗೆ ಹೊಸ ಸೀರೆ ತೆಗೆದಿಡಲು ಹೇಳಿದ.

ಮೈಸೂರಿನಿಂದ ಯಾರೂ ಬರಲಿಲ್ಲ. ಬಂದದ್ದು ಪ್ರಮೀಳಾಳ ಫೋನು. ಹೊರದೇಶ ತಪ್ಪಿತು ಎಂದಳು. ಯಾಕೆ ಎಂದರೆ ಗೊತ್ತಿಲ್ಲ ಎಂದು ಫೋನಿಟ್ಟಳು. ಬೋರಯ್ಯ ಬೂತಿನಿಂದ ಹೊರಬಂದು ಆಕಾಶ ನೋಡಿ ದೊಡ್ಡದಾಗಿ ಉಸಿರು ಬಿಟ್ಟ. ಅವತ್ತು ಹಸುಗಳಿಗೆ ಒಂದು ಹಿಡಿ ಹಿಂಡಿ ಜಾಸ್ತಿಯೇ ಬಿತ್ತು. ಅದೇ ವಾರ ಮುದ್ದಯ್ಯನ ಫೋನೂ ಬಂತು. ಯಾರೋ ಇಬ್ಬರು ಹೋಟೆಲಿಗೆ ಬಂದು ತನ್ನನ್ನು ಇಡೀ ದಿನ ಕೂರಿಸಿಕೊಂಡು ಪ್ರಶ್ನೆ ಕೇಳಿದರು, ಹೋಟೆಲಿನವನು ಕೆಲಸದಿಂದ ಬಿಡಿಸಿದ, ಊರಿಗೆ ಬರುತ್ತಿದ್ದೇನೆ ಎಂದು ಅಳುವುದೊಂದು ಬಾಕಿ. ಹೋಟೆಲಿನಲ್ಲಿ ಏನೋ ಕಿತಾಪತಿ ಮಾಡಿರಬೇಕು ಈ ಮುದ್ದ ಎಂದುಕೊಂಡ ಬೋರಯ್ಯ. ಅನುಮಾನವೆಲ್ಲ ಎದುರಿನವರ ಮೇಲೆಯೇ ಖರ್ಚಾಗಿಬಿಟ್ಟರೆ ತನ್ನ ಮೇಲೆ ಪಡಲು ಏನು ಉಳಿಯುತ್ತದೆ?

ದಸರಾ ಕಳೆದ ಮೇಲೆ ಅಳಿಯ ಮಗಳು ರಜದಲ್ಲಿ ಬಂದರು. ರೈಲಿಳಿದು ಚಿನಕುರಳಿಗೆ ಬರದೆ ನೆಟ್ಟಗೆ ಮಾಕವಳ್ಳಿಗೆ ಹೋದರು. ಮಗುವಿನ ಮುಡಿ ತೆಗೆಸುವ ಹರಕೆಯನ್ನು ಮಂಗಳಮ್ಮ ನಿಮಿಷಾಂಬೆಗೆ ಹೊತ್ತಿದ್ದಳು. ಗಂಜಾಂ ಹತ್ತಿರ ಹೊಳೆ ದಂಡೆಗೇ ಬನ್ನಿ ಎಂದು ಹೇಳಿಕಳಿಸಿದರು. ಬೋರಯ್ಯ ತೆಂಗಿನಕಾಯಿ, ಬಾಳೆಗೊನೆ, ಮಗುವಿಗೆ ಬೆಳ್ಳಿ ಉಡಿದಾರ ಹೊತ್ತು ತಂಗಿಯ ಜೊತೆ ಶ್ರೀರಂಗಪಟ್ಟಣದ ಬಸ್ಸು ಹತ್ತಿದ.

ಮುಡಿ ತೆಗೆಯುವಾಗ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಕಾದವನು ಸೋದರಮಾವ. ಪ್ರಮೀಳಾಳಿಗೆ ಅಣ್ಣತಮ್ಮಂದಿರಿಲ್ಲ, ಆದ್ದರಿಂದ ತಾತನೇ ಕೂತ. ಕಾವೇರಿ ತುಂಬಿ ಹರಿಯುತ್ತಿದ್ದಳು. ಕತ್ತಿ ತಾಗಿದ ಕೂಡಲೇ ಮಗು ಕಿರುಚಿ ಅವನ ಅಂಗಿ ಹಿಡಿದುಕೊಂಡಿತು. ಮುಡಿ ಮುಗಿದು, ಹೆಂಗಸರು ಗುಡಿಯೊಳಗೆ ಹೋದರು. ಮಗು ತಾತನ ತೊಡೆಯಲ್ಲೇ ಬಿಕ್ಕುತ್ತ ಬಾಳೆಹಣ್ಣು ತಿನ್ನತೊಡಗಿತು. ಚಿಕ್ಕಸ್ವಾಮಿ ಬಂದು ಕೆಳಗಿನ ಮೆಟ್ಟಿಲಲ್ಲಿ ಕೂತ. ಆಗಲೂ ಜನ ಬರುವ ದಾರಿಗೇ ಮುಖ.

“ಮಾವ, ಮುದ್ದಯ್ಯನ್ನ ನೀವೇ ಕಳ್ಸಿದ್ದಾ?”

ಸುಳ್ಳು ಹೇಳಲು ಬೋರಯ್ಯನಿಗೆ ಬಾಯಿ ಬರಲಿಲ್ಲ. “ನೀವು ರಾತ್ರಿ ಮನೆಗ್ ಬರಾಕಿಲ್ಲ ಅಂತ...”

“ನಮ್ ರಾತ್ರಿ ಬ್ಯಾರೆ ದೇಸ್ದಲ್ಲಿ ಅಗಲು ಮಾವ. ಸುದ್ದಿ ಬರೋದು ಆವಾಗ್ಲೇ. ಅವು ಅಂಕಿಯಾಗ್ ಬತ್ತವೆ. ಅದ ಬುಡಿಸಿ ಬರ್ಯೋ ರೂಮ್ನಲ್ಲಿ ನನ್ನ ಕೂರ್ಸಿದ್ರು. ಇದುಕ್ಕಿಂತ ಜಾಸ್ತಿ ಏಳಂಗಿಲ್ಲ, ಪ್ರಮೀಳಂಗೂ ಏಳಿಲ್ಲ.”

ಅಳಿಯ ಸಿಟ್ಟಿನಿಂದ ಕೂಗಾಡಿದ್ದರೆ ಬೋರಯ್ಯ ತಡೆದುಕೊಳ್ಳುತ್ತಿದ್ದ. ಅವನು ಮೆಲ್ಲಗೆ, ಹೊಳೆ ನೋಡಿಕೊಂಡು ಹೇಳುತ್ತ ಹೋದ. ಅಲ್ಲಿ ಎರಡು ಥರದ ಜನ ಇದ್ದಾರಂತೆ. ಒಬ್ಬರು ಹೊರದೇಶಗಳಲ್ಲಿ ಕೂತು ಅಲ್ಲಿಯ ಸುದ್ದಿ ತರುವವರು. ಇನ್ನೊಬ್ಬರು ನಮ್ಮ ಸುದ್ದಿ ಆಚೆ ಹೋಗದ ಹಾಗೆ ನಮ್ಮವರನ್ನೇ ಕಾಯುವವರು. ತರುವವರಿಗೆ ಕಾಯುವವರನ್ನು ಕಂಡರೆ ಆಗದು, ಕಾಯುವವರಿಗೆ ತರುವವರ ಮೇಲೆ ನಂಬಿಕೆಯಿಲ್ಲ. ಅದಕ್ಕೇ ಮೇಲೊಂದು ಕಮಿಟಿ, ಇಬ್ಬರನ್ನೂ ಒಂದೇ ಮೇಜಿನ ಸುತ್ತ ಕೂರಿಸಿ ಕೇಳುವುದಕ್ಕೆ. ಇಬ್ಬರೂ ಹೂಂ ಎಂದರೆ ಮಾತ್ರ ಒಬ್ಬ ಮನುಷ್ಯ ಹೊರದೇಶದ ಆಫೀಸಿಗೆ ಹೋಗಬಹುದು. ಬೋರಯ್ಯನಿಗೆ ಇದು ಸಲೀಸಾಗಿ ಅರ್ಥವಾಯಿತು. ಮಾತು ಬಿಟ್ಟ ಇಬ್ಬರನ್ನು ಕೇಳುವುದು ಅವನ ಕಸುಬೇ ಆಗಿತ್ತಲ್ಲ.

“ಸುದ್ದಿ ತರೋರು ನನ್ನೆಸ್ರಿಗೆ ಊಂ ಅಂದಿದ್ರು. ಕಾಯೋರು, ಇವನ ಮನೆ ಸುತ್ತ, ಆಪೀಸ್ ಸುತ್ತ ಯಾವನೋ ಸುಳ್ಳೇಳ್ಕಂಡು ಇಚಾರಿಸ್ತಾವ್ನೆ, ಅವನ್ಯಾರು ಅಂದ್ರು. ಬ್ಯಾರೆ ದೇಸ್ದೋರು ಜನ ಇಡಿಯೋದೂ ಇಂಗೇಯ ಮಾವ. ಟೀ ಅಂಗ್ಡಿ, ಇಸ್ತ್ರಿ ಅಂಗ್ಡಿಯಿಂದ್ಲೇ ಸುರು ಮಾಡೋದು. ಆ ಟೀ ಅಂಗ್ಡಿಯೋನು ಅವತ್ತೇ ಆಪೀಸ್ ಒಳಿಕ್ ತಿಳಿಸ್ದ.”

“ಡೈರಿ ತಾವ ಬಂದಿದ್ದೋನು...”

“ಆ ಕಾಯೋರ ಕಡೆಯೋನೇ. ನೀವಾಡಿದ್ ಮಾತ್ನ ಒಂದೂ ಬುಡ್ದಂಗೆ ಕಮಿಟೀಲಿ ಓದುದ್ರಂತೆ.”

ತೊಡೆಯ ಮೇಲಿನ ಮಗು ಬಾಳೆಹಣ್ಣಿನ ಕೈಯನ್ನು ತಾತನ ಅಂಗಿಗೆ ಒರೆಸಿತು. ಬೋರಯ್ಯನಿಗೆ ಅದರ ಅರಿವೂ ಆಗಲಿಲ್ಲ. ಹೊಳೆಯ ಸದ್ದಿನ ಮೇಲೆ ದನಿಯೆತ್ತಿ ಕೇಳಿದ, “ನಾನ್ ನಿಮ್ ಮಾವ ಅಂತ ಗೊತ್ತಾತಲ್ಲ! ನಾನ್ಯಾವ್ ದೇಸ್ದೋನ್ಗೆ ಏಳಾಕೋಗ್ಲಿ? ಮಗ್ಳು ಚೆಂದಾಗಿರ್ಲಿ ಅಂತ ಮಾಡ್ದೆ. ಅದ ಏಳ್ನಿಲ್ವಾ ನೀವು?”

“ಏಳ್ದೆ. ಅವ್ರೂ ಒಪ್ಕಂಡ್ರು. ಒಪ್ಕಂಡ್ ಮ್ಯಾಲೆ ಒಬ್ರು ದೊಡ್ಡೋರು ಒಂದ್ ಮಾತಂದ್ರು. ಎಣ್ಕೊಟ್ಟ ಮಾವನೇ ನಂಬ್ದೇ ಇರೋನ್ನ ನಾವೆಂಗ್ರಿ ನಂಬೋದು, ಅಂತ.”

ಊರೂರು ಸುತ್ತಿ ಬೋರಯ್ಯ ಅದೆಷ್ಟು ಗಂಡುಗಳ ಮೇಲೆ ಇಂಥದೇ ಒಂದೊಂದು ಮಾತು ಹೇಳಿ ಮದುವೆ ಮುರಿದಿದ್ದನೋ. ಅವರ ಮನೆಗಳಲ್ಲಿ ಆಮೇಲೆ ಏನಾಯಿತು ಎಂದು ಯಾವತ್ತೂ ವಿಚಾರಿಸಿರಲಿಲ್ಲ.

ಚಿಕ್ಕಸ್ವಾಮಿಯನ್ನು ಆ ರೂಮಿನಿಂದ ತೆಗೆದು, ಕಾಗದ ಪೆನ್ಸಿಲು ಹಂಚುವ ಸೆಕ್ಷನ್ನಿಗೆ ಹಾಕಿದ್ದರು. ಇನ್ನು ಅಲ್ಲಿಂದ ಎಲ್ಲಿಗೂ ಹೋಗುವುದಿಲ್ಲ ಎಂದು ಅವನಿಗೇ ಗೊತ್ತಿತ್ತು.

ಹೆಂಗಸರು ಗುಡಿಯಿಂದ ಬಂದರು. ಬೋರಯ್ಯ ಎದ್ದು ನಿಂತು, “ಊರಿಗೋಗಿ ಉಂಡ್ಕ ಓಗೋರಂತೆ ಬನ್ನಿ ಅಳಿಯಂದ್ರೆ. ಪವಿತ್ರ ಅಡ್ಗೆ ಮಾಡ್ಕಂಡ್ ಕಾಯ್ತಾವ್ಳೆ,” ಎಂದ.

“ಈಗ ಬ್ಯಾಡಿ ಮಾವ. ರಜದಲ್ಲಿ ಯಾರ್ಯಾರ್ ಮನೆಗೋಗಿದ್ದೆ ಅಂತ ಆಪೀಸ್ಗೆ ಏಳ್ಬೇಕು. ನಿಮ್ ಮನೆ ಎಸ್ರ ಏಳೋ ಧೈರ್ಯ ನಂಗಿಲ್ಲ,” ಎಂದು ಚಿಕ್ಕಸ್ವಾಮಿ ಮಗುವನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದ. ಮಂಗಳಮ್ಮ ಅಣ್ಣನ ಕಡೆ ಒಂದು ಸಲ ನೋಡಿ, ಬಾಳೆಗೊನೆ ತೆಗೆದುಕೊಂಡು ಚಿಕ್ಕಸ್ವಾಮಿಯ ಹಿಂದೆ ಹೋದಳು.

ಪ್ರಮೀಳಾ ಉಳಿದಳು. ಬ್ಯಾಗಿನಿಂದ ಒಂದು ಕೆಂಪು ಸ್ವೆಟರು ತೆಗೆದು ಅಪ್ಪನ ಕೈಗಿಟ್ಟಳು. ಚಳಿ ದೇಶಕ್ಕೆಂದು ತಾನೇ ಕೂತು ಹೆಣೆದದ್ದು. “ಮಂಗಳತ್ತೆಗೆ ಕೊಡು. ಡೆಲ್ಲಿ ಚಳೀಗೆ ನಂತಾವ ಇನ್ನೊಂದದೆ.”

ಅದು ಅವನ ಕೈಯಲ್ಲಿ ಮಗುವಿನ ಹಾಗೆ ಮೆತ್ತಗಿತ್ತು.

“ತೆಪ್ಪಾಯ್ತು ಕಣವ್ವ,” ಎಂದ ಬೋರಯ್ಯ.

“ಇಸ್ತ್ರಿಯೋನ್ನ ಕೇಳ್ಸ್ದೆ, ಹಾಲ್ನೋನ್ನ ಕೇಳ್ಸ್ದೆ, ಟೀ ಅಂಗ್ಡಿಯೋನ್ನ ಕೇಳ್ಸ್ದೆ. ನಾನು ಅದೇ ಊರಲ್ಲೇ ಇದ್ನಲ್ಲಪ್ಪ. ನನ್ನೊಬ್ಳ್ನ ಕೇಳ್ನಿಲ್ವಲ್ಲ ನೀನು.” ಅವಳು ಅಳಲಿಲ್ಲ. ಅತ್ತಿದ್ದರೆ ಅವನಿಗೆ ಸಮಾಧಾನ ಹೇಳುವುದಕ್ಕಾದರೂ ಒಂದು ದಾರಿ ಇರುತ್ತಿತ್ತು.

ಮೇಲೆ ರಸ್ತೆಯಲ್ಲಿ ಕೆ.ಆರ್. ಪೇಟೆಯ ಬಸ್ಸಿಗೆ ಹೊತ್ತಾಯಿತೆಂದು ಚಿಕ್ಕಸ್ವಾಮಿ ಕೂಗಿದ. ಪ್ರಮೀಳಾ ಸೆರಗು ಸರಿಮಾಡಿಕೊಂಡಳು. ಬೋರಯ್ಯ ಗಾಬರಿಯಿಂದ ಒಂದು ಮೆಟ್ಟಿಲು ಹತ್ತಿ, ಇಷ್ಟು ವರ್ಷದ ತನ್ನ ನಿಯಮವನ್ನು ಮುರಿದು ಕೇಳಿದ.

“ಈಗ ಕೇಳ್ತಿವ್ನಿ ಕಣವ್ವ. ಏಳು. ಚೆನ್ನಾಗಿದ್ದೀಯಾ?”

ಅವಳು ತಿರುಗಿ ಅಪ್ಪನನ್ನು ನೋಡಿದಳು. ಮಂಗಳಮ್ಮ ಆ ಕಾಲದಲ್ಲಿ ನಗುತ್ತಿದ್ದ ಹಾಗೆಯೇ ನಕ್ಕಳು.

“ಚೆನ್ನಾಗಿವ್ನಿ ಕಣಪ್ಪ,” ಎಂದು ಬಸ್ಸಿನ ಕಡೆ ಹೋದಳು.